ಜಾಂಗ್‌ಗಮ್ ಅಡುಗೆ ಮಾಡಿದ ಅರಮನೆ ಎಲ್ಲಿದೆ?

ಪ್ರಶ್ನೆ: ನಾನು ಶಿವಮೊಗ್ಗದವಳು. ಬರುವ ಅಕ್ಟೋಬರ್‌ನಲ್ಲಿ ಅಮ್ಮನಿಗೆ 60 ತುಂಬುತ್ತದೆ. ಅರಮನೆಯ ಅಡುಗೆಯವಳು ಜಾಂಗ್‌ಗಮ್ ಮುಂದೆ ವೈದ್ಯೆಯಾಗುವ ಕಥೆ ಇರುವ ಕೊರಿಯಾದ ‘ಡೇ ಜಾಂಗ್ ಗಮ್’ ಧಾರಾವಾಹಿಯನ್ನು ನಾವಿಬ್ಬರೂ ಎರಡು ಸಲ ಪೂರ್ತಿ ನೋಡಿದ್ದೇವೆ. ಆ ಅರಮನೆ, ಆ ಅಡುಗೆಮನೆ, ಜಾಂಗ್‌ಗಮ್‌ಳನ್ನು ಗಡೀಪಾರು ಮಾಡಿದ ಆ ದ್ವೀಪ, ಇವನ್ನೆಲ್ಲ ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಅಮ್ಮನ ಆಸೆ. 9 ದಿನ ರಜೆ ಸಿಗುತ್ತದೆ. ಆದರೆ ಹುಡುಕಿದರೆ ಹತ್ತಾರು ಜಾಗಗಳ ಹೆಸರು ಬರುತ್ತವೆ. ಯಾವುದು ನಿಜವಾದ ಜಾಗ, ಯಾವುದು ಸೆಟ್ ಅಂತ ತಿಳಿಯುತ್ತಿಲ್ಲ. ಅಮ್ಮನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಎಲ್ಲಿಂದ ಶುರು ಮಾಡಬೇಕು, ಏನನ್ನು ಬಿಡಬಹುದು?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನೀವು ತೆರೆಯ ಮೇಲೆ ನೋಡಿದ ಅಡುಗೆಮನೆ ಈಗ ಎಲ್ಲೂ ಇಲ್ಲ. ಅದು ಸಿಯೋಲ್‌ನ ಉತ್ತರಕ್ಕಿರುವ ಯಾಂಗ್‌ಜು ಊರಿನಲ್ಲಿ ಧಾರಾವಾಹಿಗೆಂದೇ ಹಾಕಿದ್ದ ಸೆಟ್. ಧಾರಾವಾಹಿ 2003ರ ಸೆಪ್ಟೆಂಬರ್‌ನಿಂದ 2004ರ ಮಾರ್ಚ್‌ವರೆಗೆ 54 ಕಂತು ಬಂತು. ಜನ ಹುಚ್ಚೆದ್ದು ನೋಡಿದರು. ಮುಗಿದ ಮೇಲೆ ಆ ಸೆಟ್ಟನ್ನೇ ಪ್ರವಾಸಿಗರಿಗೆ ತೆರೆದರು, ಕೆಲವು ವರ್ಷ ನಡೆಸಿ ಮುಚ್ಚಿದರು. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ಅದರ ಹೆಸರು ಇನ್ನೂ ಇದೆ. ಅದನ್ನು ನಂಬಿ ಯಾಂಗ್‌ಜುಗೆ ಹೋಗಬೇಡಿ.

ಇನ್ನೊಂದು ಕಡೆಯೂ ಜನ ದಾರಿ ತಪ್ಪುತ್ತಾರೆ. ಯೊಂಗಿನ್ ಎಂಬಲ್ಲಿ ‘ಡೇ ಜಾಂಗ್ ಗಮ್ ಪಾರ್ಕ್’ ಅಂತಲೇ ಒಂದು ದೊಡ್ಡ ಸೆಟ್ ಇದೆ. ಹೆಸರು ನೋಡಿದರೆ ಇದೇ ಅಂತ ಯಾರಿಗೂ ಅನ್ನಿಸುತ್ತದೆ, ಅಲ್ವಾ? ಆದರೆ ಅದನ್ನು ಕಟ್ಟಲು ಶುರು ಮಾಡಿದ್ದೇ ಈ ಧಾರಾವಾಹಿ ಮುಗಿದ ಮೇಲೆ, 2005ರಲ್ಲಿ. ಹೆಸರು ಬಂದಿದ್ದು ಇನ್ನೂ ಎಷ್ಟೋ ವರ್ಷ ಆದಮೇಲೆ. ‘ಕ್ವೀನ್ ಸೊಂಡಕ್’, ‘ಡಾಂಗ್ ಯಿ’ ಇವನ್ನೆಲ್ಲ ತೆಗೆದದ್ದು ಅಲ್ಲಿ. ಆ ಧಾರಾವಾಹಿಗಳನ್ನು ಮೆಚ್ಚಿದವರು ಹೋಗಲಿ, ಚೆನ್ನಾಗಿದೆ. ನಿಮ್ಮ ಅಮ್ಮ ಹುಡುಕುತ್ತಿರುವ ಜಾಂಗ್‌ಗಮ್ ಅಲ್ಲಿ ಓಡಾಡಿಲ್ಲ. ಜೊತೆಗೆ ಗುಡ್ಡದ ಏರು, ಮಂಡಿನೋವಿನವರಿಗೆ ಕಷ್ಟ. ಅದನ್ನು ಬಿಟ್ಟುಬಿಡಿ.

ಹಾಗಾದರೆ ಉಳಿದದ್ದು ಏನು? ತುಂಬಾ ಇದೆ. ನಾನು ಸುವೊನ್ ಊರಿಗೆ ಬಂದು 13 ವರ್ಷ ಆಯಿತು. ಇಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಂದ ಕನ್ನಡದ ಮನೆಗಳು ಕಡಿಮೆಯೇನಲ್ಲ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗಲೆಲ್ಲ ಅವರನ್ನು ಈ ಜಾಗಗಳಿಗೆ ಕರೆದುಕೊಂಡು ಹೋಗುವುದು ಹೆಚ್ಚಾಗಿ ನನ್ನ ಪಾಲಿಗೆ ಬರುತ್ತದೆ. ಹಾಗೆ ಓಡಾಡಿ ನನಗೆ ತಿಳಿದದ್ದು ಇಷ್ಟು. ಶೂಟಿಂಗ್ ಆದ ಜಾಗ ಅನ್ನುವ ಒಂದೇ ಕಾರಣಕ್ಕೆ ಹೋದರೆ ಒಂದು ಫೋಟೋ ತೆಗೆದು ಹತ್ತು ನಿಮಿಷಕ್ಕೆ ವಾಪಸ್ ಬರುತ್ತೀರಿ. ಕಥೆ ಮರೆತರೂ ನೋಡುವುದಕ್ಕೆ ಏನಾದರೂ ಇರುವ ಜಾಗಕ್ಕೆ ಹೋಗಿ. ಈ ಧಾರಾವಾಹಿಯ ಮಟ್ಟಿಗೆ ಅಂಥವು ಮೂರು: ಸುವೊನ್‌ನ ಬಿಡಾರದ ಅರಮನೆ, ತೆಂಕಣದ ನಗಾನ್ ಕೋಟೆಯ ಊರು, ಮತ್ತೆ ಜೇಜು ದ್ವೀಪ. ಅವಕ್ಕೂ ಮೊದಲು ಸಿಯೋಲ್‌ನಲ್ಲಿ ಒಂದು ದಿನ ಇಡಿ. ಅಲ್ಲಿಗೆ ಹೋಗುವುದು ಶೂಟಿಂಗ್ ಜಾಗ ನೋಡಲು ಅಲ್ಲ, ನಿಜವಾದ ಜಾಂಗ್‌ಗಮ್‌ಗಾಗಿ.

ಹೌದು, ಜಾಂಗ್‌ಗಮ್ ಅನ್ನುವ ಹೆಂಗಸು ನಿಜವಾಗಿ ಇದ್ದಳು. ಆಗ ಕೊರಿಯಾವನ್ನು ಆಳುತ್ತಿದ್ದ ಜೊಸನ್ ರಾಜರ ದಿನಚರಿ ದಾಖಲೆಗಳಲ್ಲಿ ಅವಳ ಹೆಸರು ಸುಮಾರು ಹತ್ತು ಕಡೆ ಬರುತ್ತದೆ. ಅವಳು ಜುಂಗ್‌ಜೊಂಗ್ ರಾಜನ ಕಾಲದ ವೈದ್ಯೆ. ಅವನು ಆಳಿದ್ದು 1506ರಿಂದ 1544ರವರೆಗೆ. ನಮ್ಮ ಕೃಷ್ಣದೇವರಾಯ ಹಂಪಿಯಲ್ಲಿ ಆಳುತ್ತಿದ್ದಾಗ ಈಕೆ ಇಲ್ಲಿ ಅರಮನೆಯಲ್ಲಿ ನಾಡಿ ಹಿಡಿಯುತ್ತಿದ್ದಳು ಅಂತ ಇಟ್ಟುಕೊಂಡರೆ ಅಮ್ಮನಿಗೆ ಕಾಲ ಚೆನ್ನಾಗಿ ಮನಸ್ಸಿಗೆ ಕೂರುತ್ತದೆ. ರಾಜ ಕೊನೆಯ ಕಾಯಿಲೆಯಲ್ಲಿದ್ದಾಗ, 1544ರಲ್ಲಿ, ತನ್ನ ಕಾಯಿಲೆಯ ವಿಷಯ ಆ ವೈದ್ಯೆಗೆ ಗೊತ್ತು ಎಂದು ಮಂತ್ರಿಗಳಿಗೆ ಹೇಳಿದ್ದು ದಾಖಲಾಗಿದೆ. ಅವಳು ಅಡುಗೆ ಮಾಡಿದಳು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಧಾರಾವಾಹಿಯ ಮೊದಲ ಅರ್ಧ, ಆ ಅಡುಗೆಯ ಪೈಪೋಟಿಯೆಲ್ಲ, ಕಥೆ ಬರೆದವರ ಕಲ್ಪನೆ. ಅದು ಗೊತ್ತಾದ ಮೇಲೂ ನನಗೆ ಕಥೆ ಇನ್ನೂ ಇಷ್ಟವೇ. ದಾಖಲೆಯ ನಾಲ್ಕು ಸಾಲುಗಳಿಂದ ಅಷ್ಟು ದೊಡ್ಡ ಬದುಕನ್ನು ಕಟ್ಟುವುದು ಸಣ್ಣ ಕೆಲಸ ಅಲ್ಲ.

ಸಿಯೋಲ್‌ನಲ್ಲಿ ಗ್ಯೊಂಗ್‌ಬೊಕ್ ಅರಮನೆಗೆ ಹೋಗಿ. 1395ರಲ್ಲಿ ಕಟ್ಟಿದ್ದು, ಜಾಂಗ್‌ಗಮ್ ಕಾಲದ ಮುಖ್ಯ ಅರಮನೆ. 1592ರಲ್ಲಿ ಜಪಾನಿನವರು ದಂಡೆತ್ತಿ ಬಂದಾಗ ಸುಟ್ಟುಹೋಯಿತು. ಆಮೇಲೆ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಾಳುಬಿದ್ದಿತ್ತು. 1860ರ ದಶಕದಲ್ಲಿ ಮತ್ತೆ ಕಟ್ಟಿದರು. ಜಪಾನಿನ ಆಳ್ವಿಕೆಯಲ್ಲಿ ಅದರಲ್ಲೂ ಹೆಚ್ಚಿನದನ್ನು ಕೆಡವಿಹಾಕಿದರು. ಈಗ ಒಂದೊಂದಾಗಿ ಎಬ್ಬಿಸುತ್ತಿದ್ದಾರೆ. ಜನ ಎಲ್ಲ ಸಿಂಹಾಸನದ ದೊಡ್ಡ ಅಂಗಳದಲ್ಲಿ ಗುಂಪುಗೂಡಿರುತ್ತಾರೆ. ನೀವು ಅದನ್ನು ನೋಡಿಕೊಂಡು ನೇರ ‘ಸೊಜುಬಾಂಗ್’ ಕೇಳಿಕೊಂಡು ಹೋಗಿ. ಅದೇ ಅರಮನೆಯ ಅಡುಗೆಮನೆ. 1915ರಲ್ಲಿ ವಸ್ತುಪ್ರದರ್ಶನಕ್ಕೆ ಜಾಗ ಬೇಕೆಂದು ಕೆಡವಿದ್ದರು. ಸರಿಯಾಗಿ ನೂರು ವರ್ಷದ ನಂತರ, 2015ರಲ್ಲಿ, ಮತ್ತೆ ಕಟ್ಟಿ ತೆರೆದರು. ಒಳಗಿನ ಅಡುಗೆಮನೆ ರಾಜನ ದಿನದ ಊಟಕ್ಕೆ, ಹೊರಗಿನದು ಹಬ್ಬದ ಅಡುಗೆಗೆ, ಮೂರನೆಯದು ಸಿಹಿತಿಂಡಿ, ಹಣ್ಣು, ಪಾನಕಗಳಿಗೆ. ನಮ್ಮ ದೇವಸ್ಥಾನಗಳಲ್ಲಿ ನೈವೇದ್ಯದ ಮಡಿ ಅಡುಗೆಮನೆ ಬೇರೆ, ಸಂತರ್ಪಣೆಯ ಪಾಕಶಾಲೆ ಬೇರೆ ಇರುತ್ತದಲ್ಲ, ಹಾಗೆ. ಆ ಮೂರನೆಯದರಲ್ಲಿ ವಸಂತ ಮತ್ತು ಶರತ್ಕಾಲದಲ್ಲಿ ಅರಮನೆಯ ತಿಂಡಿ ಮತ್ತು ಗಿಡಮೂಲಿಕೆಯ ಟೀ ಕೊಡುತ್ತಾರೆ. ಮುಂಚೆಯೇ ಬುಕ್ ಮಾಡಬೇಕು, ಬೇಗ ಮುಗಿದುಹೋಗುತ್ತದೆ. ತಿಂಡಿ ಹೆಚ್ಚಾಗಿ ಅಕ್ಕಿಹಿಟ್ಟು, ಜೇನು, ಖರ್ಜೂರದಂಥ ಒಣಹಣ್ಣು, ಎಳ್ಳಿನವು. ಅಮ್ಮ ನಿಶ್ಚಿಂತೆಯಿಂದ ತಿನ್ನಬಹುದು. ಈ ಅರಮನೆಗೆ ಮಂಗಳವಾರ ರಜೆ. ಹನ್‌ಬೊಕ್ ಅನ್ನುವ ಅವರ ಸಾಂಪ್ರದಾಯಿಕ ಉಡುಪು ಹಾಕಿಕೊಂಡು ಹೋದರೆ ಟಿಕೆಟ್ ಬೇಡ. ಸುತ್ತಲಿನ ಬೀದಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಅಮ್ಮ ಮೊದಲು ಬೇಡ ಅನ್ನಬಹುದು. ಒಂದು ಸಲ ಕೇಳಿ ಬಿಟ್ಟುಬಿಡಬೇಡಿ, ಇನ್ನೊಂದು ಸಲ ಕೇಳಿ.

ಇನ್ನು ಸುವೊನ್. ಸಿಯೋಲ್‌ನಿಂದ ರೈಲಿನಲ್ಲಿ ಅರ್ಧ ಗಂಟೆ, ಮೆಟ್ರೋದಲ್ಲಾದರೆ ಒಂದು ಗಂಟೆ. ಇಲ್ಲಿನ ಹ್ವಾಸಂಗ್ ಹೇಂಗುಂಗ್‌ನಲ್ಲಿ ಧಾರಾವಾಹಿಯ ಅರಮನೆ ದೃಶ್ಯಗಳನ್ನು ತೆಗೆದಿದ್ದಾರೆ. ಹೇಂಗುಂಗ್ ಅಂದರೆ ರಾಜ ಊರಿಂದಾಚೆ ಹೋದಾಗ ತಂಗುವ ಬಿಡಾರ. ಇದು ಅಂಥ ಬಿಡಾರಗಳಲ್ಲೆಲ್ಲ ದೊಡ್ಡದು, 576 ಅಂಕಣದ ಮನೆ. ಅಂಕಣ ಅಂತ ಸುಮ್ನೆ ಹೇಳಲಿಲ್ಲ. ಕೊರಿಯಾದಲ್ಲೂ ಮನೆಯನ್ನು ಅಳೆಯುವುದು ಕಂಬದಿಂದ ಕಂಬಕ್ಕೆ ಇರುವ ಜಾಗದ ಲೆಕ್ಕದಲ್ಲೇ. ಅವರು ಅದನ್ನು ‘ಕಾನ್’ ಅನ್ನುತ್ತಾರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಬಿಡಾರವೂ ಜಾಂಗ್‌ಗಮ್ ಕಾಲದ್ದಲ್ಲ. ಅವಳ ನಂತರ ಇನ್ನೂರೈವತ್ತು ವರ್ಷಕ್ಕೆ ಜಂಗ್‌ಜೊ ಎಂಬ ರಾಜ ಕಟ್ಟಿಸಿದ್ದು. ಇವನ ಕಥೆ ಕೇಳಿದರೆ ಕರುಳು ಹಿಂಡುತ್ತದೆ. ಇವನ ತಂದೆ ಯುವರಾಜ ಸಾಡೊನನ್ನು ತಾತನೇ ಅಕ್ಕಿ ತುಂಬುವ ಮರದ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಸಿದ. 1762ರ ಬೇಸಿಗೆ. ಎಂಟು ದಿನಕ್ಕೆ ಅವನು ತೀರಿಕೊಂಡ. ಆಗ ಜಂಗ್‌ಜೊ ಹತ್ತು ವರ್ಷದ ಹುಡುಗ. ದೊಡ್ಡವನಾಗಿ ಪಟ್ಟಕ್ಕೆ ಬಂದ ಮೇಲೆ ತಂದೆಯ ಸಮಾಧಿಯನ್ನು ಸುವೊನ್ ಪಕ್ಕಕ್ಕೆ ತಂದ. ಸುವೊನ್ ಊರಿನ ಸುತ್ತ 5.7 ಕಿಲೋಮೀಟರ್ ಉದ್ದದ ಕೋಟೆ ಕಟ್ಟಿಸಿದ. 1794ರಲ್ಲಿ ಶುರುವಾಗಿ 1796ಕ್ಕೆ ಮುಗಿಯಿತು. 1795ರಲ್ಲಿ ತನ್ನ ತಾಯಿಯನ್ನು ಸಿಯೋಲ್‌ನಿಂದ ಮೆರವಣಿಗೆಯಲ್ಲಿ ಕರೆತಂದು ಇದೇ ಬಿಡಾರದ ಬೊಂಗ್ಸುದಾಂಗ್ ಅನ್ನುವ ಅಂಗಳದ ಮನೆಯಲ್ಲಿ ಅವಳಿಗೆ 60 ತುಂಬಿದ ಸಮಾರಂಭ ಮಾಡಿದ. ಕೊರಿಯಾದಲ್ಲೂ 60 ತುಂಬುವುದು ನಮ್ಮ ಷಷ್ಟ್ಯಬ್ದಿಯ ಹಾಗೇ ದೊಡ್ಡ ವಿಷಯ. ಅರವತ್ತು ಸಂವತ್ಸರದ ಚಕ್ರ ಒಂದು ಸುತ್ತು ಬರುತ್ತದೆ ಅನ್ನುವ ಲೆಕ್ಕ ಅವರಲ್ಲೂ ಇದೆ.

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾಗಿದ್ದೇ ಈ ಜಾಗ. ನನ್ನ ಅಮ್ಮ ಬಂದಾಗ ಅಲ್ಲಿನ ಮರದ ಜಗಲಿಯ ಅಂಚಿನಲ್ಲಿ ಕೂತು ಕಂಬ ಸವರಿ ನೋಡಿದರು. ‘ನಮ್ಮ ಅಜ್ಜನ ಮನೆ ಜಗಲಿ ಥರಾನೇ ಇದೆ ಕಣೆ’ ಅಂದರು. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ನಾನೂ ಏಳಿಸಲಿಲ್ಲ.

ಇಲ್ಲಿನ ಮರ ಹೊಸದಾಗಿ ಕಾಣುತ್ತದೆ ಅಂತ ಬೇಸರ ಪಡಬೇಡಿ. ಜಪಾನಿನ ಕಾಲದಲ್ಲಿ ಇದನ್ನು ಆಸ್ಪತ್ರೆ ಮಾಡಿ, ಮನೆಗಳನ್ನು ಕೆಡವಿದ್ದರು. ಆದರೆ ಜಂಗ್‌ಜೊ ಕಾಲದವರು ಎಂಥ ಶಿಸ್ತಿನವರು ಅಂದರೆ, ಕೋಟೆ ಕಟ್ಟಿದ ಪ್ರತಿ ವಿವರವನ್ನೂ ಚಿತ್ರ ಸಮೇತ ಪುಸ್ತಕವಾಗಿ 1801ರಲ್ಲಿ ಅಚ್ಚು ಹಾಕಿಸಿದ್ದರು. ಎಷ್ಟು ಕಲ್ಲು, ಎಷ್ಟು ಕೂಲಿ, ಎಲ್ಲ ಅದರಲ್ಲಿದೆ. ಅದನ್ನು ಮುಂದಿಟ್ಟುಕೊಂಡೇ ಮತ್ತೆ ಕಟ್ಟಿದ್ದು. ಮೊದಲ ಹಂತ ಮುಗಿದು ಜನರಿಗೆ ತೆರೆದದ್ದು 2003ರಲ್ಲಿ, ಧಾರಾವಾಹಿ ಶುರುವಾದ ವರ್ಷವೇ. ನೀವು ತೆರೆಯಲ್ಲಿ ನೋಡಿದ ಆ ಕೆಂಪು ಹಸಿರು ಬಣ್ಣ ಅಷ್ಟು ಹೊಳೆಯುವುದು ಅದಕ್ಕೇ. ಎಲ್ಲ ಕೆಲಸ ಮುಗಿದದ್ದು 2024ರಲ್ಲಿ. ಅಂಗಳ ಸಮತಟ್ಟು. ಬಾಗಿಲ ಹೊಸ್ತಿಲು ಮಾತ್ರ ಎತ್ತರ, ಅಮ್ಮನ ಕೈ ಹಿಡಿಯಿರಿ. ಕೋಟೆ ಗೋಡೆಯ ಮೇಲೆ ಪೂರ್ತಿ ಸುತ್ತುವ ಹಟ ಬೇಡ. ಉತ್ತರದ ಬಾಗಿಲ ಹತ್ತಿರ ಸ್ವಲ್ಪ ನಡೆದರೆ ಸಾಕು.

ಸುವೊನ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಕೊರಿಯನ್ ಫೋಕ್ ವಿಲೇಜ್ ಇದೆ. 1974ರಲ್ಲಿ ತೆರೆದದ್ದು. ಇಲ್ಲೂ ಧಾರಾವಾಹಿಯ ಶೂಟಿಂಗ್ ಆಗಿದೆ. ಸಮಯ ಉಳಿದರೆ ಹೋಗಿ, ಇಲ್ಲವಾದರೆ ನಷ್ಟ ಇಲ್ಲ. ಯಾಕೆಂದರೆ ಮುಂದಿನ ಜಾಗದಲ್ಲಿ ಅಂಥದೇ ಮನೆಗಳಲ್ಲಿ ಜನ ನಿಜವಾಗಿ ಬಾಳುತ್ತಿದ್ದಾರೆ.

ಅದು ನಗಾನ್. ಸಿಯೋಲ್‌ನ ಯೊಂಗ್‌ಸಾನ್ ಸ್ಟೇಷನ್‌ನಿಂದ ಕೆಟಿಎಕ್ಸ್ ಅನ್ನುವ ವೇಗದ ರೈಲು ಹತ್ತಿದರೆ ಮೂರು ಗಂಟೆಯೊಳಗೆ ಸುಂಚನ್ ಸೇರುತ್ತೀರಿ. ಅಲ್ಲಿಂದ ಬಸ್ ಅಥವಾ ಟ್ಯಾಕ್ಸಿ. ಕಡಲ್ಗಳ್ಳರ ಕಾಟ ತಡೆಯಲು 1397ರಲ್ಲಿ ಮಣ್ಣಿನ ಕೋಟೆ ಹಾಕಿದ್ದರು, ಆಮೇಲೆ ಕಲ್ಲಿನದಾಯಿತು. ಗೋಡೆಯ ಸುತ್ತಳತೆ 1.4 ಕಿಲೋಮೀಟರ್. ಒಳಗೆಲ್ಲ ಹುಲ್ಲಿನ ಮನೆಗಳು. ಧಾರಾವಾಹಿಯ ಹಳ್ಳಿಯ ದೃಶ್ಯಗಳಿಗೆ ಇಲ್ಲಿಗೆ ಬಂದರು. ಸೆಟ್ ಹಾಕುವ ಕೆಲಸ ಅವರಿಗೆ ಜಾಸ್ತಿ ಇರಲಿಲ್ಲ.

ನನ್ನ ಸಲಹೆ ಕೇಳಿದರೆ, ಇಲ್ಲಿ ಒಂದು ರಾತ್ರಿ ಉಳಿಯಿರಿ. ಊರಿನವರು ತಮ್ಮ ಮನೆಯಲ್ಲೇ ಕೋಣೆ ಬಾಡಿಗೆಗೆ ಕೊಡುತ್ತಾರೆ. ನೆಲದಡಿಯಿಂದ ಬಿಸಿ ಬರುತ್ತದೆ. ಹಾಸಿಗೆ ನೆಲದ ಮೇಲೆ, ಮಂಡಿನೋವಿಗೆ ಕೂತು ಏಳುವುದು ಕಷ್ಟ ಆಗಬಹುದು, ಮುಂಚೆಯೇ ಯೋಚಿಸಿ. ಆದರೆ ಆ ಬೆಚ್ಚಗಿನ ನೆಲದ ಮೇಲೆ ಮಲಗಿದ ನನ್ನ ಅಮ್ಮನಿಗೆ ಮಂಡಿಗೆ ಹಾಯ್ ಅನ್ನಿಸಿತ್ತು. ಸಂಜೆ ಪ್ರವಾಸಿಗರ ಬಸ್ಸುಗಳು ಹೋದಮೇಲೆ ಊರು ತನ್ನ ಪಾಡಿಗೆ ತಾನಾಗುತ್ತದೆ. ಒಲೆಯ ಹೊಗೆ, ನಾಯಿ ಬೊಗಳುವುದು, ಯಾರೋ ಅಜ್ಜಿ ಮೆಣಸಿನಕಾಯಿ ಎತ್ತಿಡುವುದು. ಗೋಡೆ ಪಕ್ಕ ಸಾಲಾಗಿ ಕೂತ ಮಣ್ಣಿನ ಜಾಡಿಗಳನ್ನು ನೋಡಿ. ಉಪ್ಪಿನಕಾಯಿ ಭರಣಿಯನ್ನು ನಾಲ್ಕು ಪಟ್ಟು ಮಾಡಿದ ಹಾಗಿರುತ್ತವೆ. ಒಳಗೆ ಸೋಯಾ ಕಾಳಿನ ಹುದುಗು. ಜಾಂಗ್‌ಗಮ್ ಕಥೆಯಲ್ಲಿ ಅಡುಗೆಯ ರುಚಿ ಕೆಡುವುದು ಉಳಿಯುವುದು ಇಂಥ ಜಾಡಿಗಳ ಮೇಲೇ ಅಲ್ವಾ? ಅಕ್ಟೋಬರ್‌ನಲ್ಲಿ ಗಿಡದಲ್ಲಿ ಪರ್ಸಿಮನ್ ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಪುಟ್ಟ ಜಾಂಗ್‌ಗಮ್ ಅಡುಗೆಯಲ್ಲಿ ಪರ್ಸಿಮನ್ ರುಚಿ ಗುರುತಿಸುವ ದೃಶ್ಯ ಅಮ್ಮನಿಗೆ ತಾನೇ ನೆನಪಾಗುತ್ತದೆ.

ಇಲ್ಲಿ ಒಂದು ಎಚ್ಚರ. ಇದು ಜನರ ಮನೆ. ಬೇಲಿ ಬಾಗಿಲು ತೆರೆದಿದೆ ಅಂತ ಒಳಗೆ ಹೋಗಬೇಡಿ, ಕೇಳಿ ಹೋಗಿ. ಹಳೆಯ ಜಾಗಗಳಿಗೆ ಶೂಟಿಂಗ್‌ನಿಂದ, ಶೂಟಿಂಗ್ ನೋಡಲು ಬಂದವರಿಂದ ಆಗುವ ಪೆಟ್ಟು ಸಣ್ಣದಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಆಂಡೊಂಗ್ ಹತ್ತಿರದ ಬ್ಯೊಂಗ್‌ಸಾನ್ ವಿದ್ಯಾಪೀಠದಲ್ಲಿ ಒಂದು ಧಾರಾವಾಹಿಯ ತಂಡ ದೀಪ ತೂಗುಹಾಕಲು ಕಂಬಗಳಿಗೆ ಮೊಳೆ ಹೊಡೆಯಿತು. ಅದು ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ. ಇಡೀ ದೇಶ ಸಿಟ್ಟಾಯಿತು, ತಂಡ ಕ್ಷಮೆ ಕೇಳಿತು, ಅಲ್ಲಿ ತೆಗೆದದ್ದನ್ನು ಬಳಸಲಿಲ್ಲ. ಮೊಳೆಯ ತೂತು ಮಾತ್ರ ಮುಚ್ಚಿಹೋಗುವುದಿಲ್ಲ.

ಕೊನೆಗೆ ಜೇಜು. ನಗಾನ್‌ನಿಂದ ಸಿಯೋಲ್‌ಗೆ ವಾಪಸ್ ಹೋಗಬೇಕಿಲ್ಲ. ಸುಂಚನ್ ಪಕ್ಕದ ಯೊಸು ವಿಮಾನ ನಿಲ್ದಾಣದಿಂದ ಜೇಜುಗೆ ವಿಮಾನ ಇದೆ. ಸಮಯ ನೋಡಿಕೊಂಡು ಮುಂಚೆ ಬುಕ್ ಮಾಡಿ. ಕಥೆಯಲ್ಲಿ ಜಾಂಗ್‌ಗಮ್‌ಗೆ ಅಡುಗೆ ಕಲಿಸಿದ ಹಾನ್ ಸಾಂಗುಂಗ್ ಈ ದ್ವೀಪದ ದಾರಿಯಲ್ಲೇ ಪ್ರಾಣ ಬಿಡುತ್ತಾಳೆ. ಜಾಂಗ್‌ಗಮ್ ಇಲ್ಲಿಗೆ ಬಂದು ವೈದ್ಯ ಕಲಿಯುತ್ತಾಳೆ. ಜೊಸನ್ ಕಾಲದಲ್ಲಿ ಜೇಜು ನಿಜವಾಗಿಯೂ ಗಡೀಪಾರಿನ ದ್ವೀಪವೇ.

ದಕ್ಷಿಣ ದಂಡೆಯ ಸೊಗ್ವಿಪೊದಲ್ಲಿ ವೇದೊಲ್ಗೆ ಅನ್ನುವ ಒಂಟಿ ಬಂಡೆ ಇದೆ. ಸಮುದ್ರದಿಂದ 20 ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದು ನಿಂತಿದೆ, ತಲೆಯ ಮೇಲೆ ಪೈನ್ ಗಿಡಗಳು. ಇದರ ಎದುರಿನ ದಂಡೆಯಲ್ಲಿ ಧಾರಾವಾಹಿಯ ಶೂಟಿಂಗ್ ಆಗಿದೆ. ಮೀನು ಹಿಡಿಯಲು ಹೋದ ಗಂಡನನ್ನು ಕಾದು ಕಾದು ಅಜ್ಜಿಯೊಬ್ಬಳು ಕಲ್ಲಾದಳು ಅಂತ ಊರಿನವರ ಕಥೆ. ಗಾಡಿ ನಿಲ್ಲಿಸುವ ಜಾಗದಿಂದ ಸ್ವಲ್ಪವೇ ನಡಿಗೆ, ಅಮ್ಮ ಆರಾಮಾಗಿ ಹೋಗಬಹುದು.

ಕೊನೆಯ ಕಂತಿನಲ್ಲಿ ಜಾಂಗ್‌ಗಮ್ ಹೆರಿಗೆ ಕಷ್ಟವಾದ ಹೆಂಗಸಿನ ಹೊಟ್ಟೆ ಕೊಯ್ದು ಮಗು ತೆಗೆಯುವ ಗುಹೆ ನೆನಪಿದೆಯಲ್ಲ? ಅದು ಸೊಂಗಾಕ್ ಗುಡ್ಡದ ಬುಡದಲ್ಲಿದೆ. ನೋಡಲು ಸಹಜವಾದ ಗುಹೆ ಅನ್ನಿಸುತ್ತದೆ. ಆದರೆ ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಸೈನ್ಯ ಸ್ಫೋಟಕದ ದೋಣಿಗಳನ್ನು ಬಚ್ಚಿಡಲು ದ್ವೀಪದ ಜನರಿಂದ ಒತ್ತಾಯದ ದುಡಿಮೆ ಮಾಡಿಸಿ ಕೊರೆಸಿದ್ದು ಅದು. 1500ರ ಕಾಲದ ಕಥೆಗೆ 1940ರ ದಶಕದ ಗಾಯವೇ ಗುಹೆಯಾಯಿತು. ನನಗೆ ಇದು ಗೊತ್ತಾದ ಮೇಲೆ ಆ ಕಂತನ್ನು ಮೊದಲಿನ ಹಾಗೆ ನೋಡಲು ಆಗಿಲ್ಲ. ಕಲ್ಲು ಕುಸಿಯುವ ಅಪಾಯ ಇರುವುದರಿಂದ ಗುಹೆಗಳ ಒಳಗೆ ಬಿಡುವುದಿಲ್ಲ. ದೂರದಿಂದ ನೋಡಿ. ಗುಡ್ಡ ಹತ್ತುವ ಮೆಟ್ಟಿಲು ಅಮ್ಮನಿಗೆ ಬೇಡ.

ಅದರ ಬದಲು ಪ್ಯೊಸೊನ್‌ನಲ್ಲಿರುವ ಜೇಜು ಫೋಕ್ ವಿಲೇಜ್‌ಗೆ ಸಮಯ ಕೊಡಿ. ಇಲ್ಲೂ ಶೂಟಿಂಗ್ ಆಗಿದೆ. ಇಲ್ಲಿನ ಹುಲ್ಲಿನ ಮನೆಯನ್ನು ನಗಾನ್‌ನ ಮನೆಯ ಜೊತೆ ಇಟ್ಟು ನೋಡಿ. ನಗಾನ್‌ನಲ್ಲಿ ಹೊದಿಸುವುದು ಭತ್ತದ ಹುಲ್ಲು. ಜೇಜುವಿನಲ್ಲಿ ಗದ್ದೆ ತೀರಾ ಕಡಿಮೆ, ಹಾಗಾಗಿ ಕಾಡುಹುಲ್ಲು. ಗಾಳಿಗೆ ಹಾರಬಾರದೆಂದು ಇಡೀ ಮಾಡಿಗೆ ಬಲೆ ಹೆಣೆದ ಹಾಗೆ ಹಗ್ಗ ಬಿಗಿದಿರುತ್ತಾರೆ. ಮನೆ ಮುಂದೆ ಬಾಗಿಲಿಲ್ಲ. ಎರಡು ಕಲ್ಲುಕಂಬ, ನಡುವೆ ಮೂರು ಅಡ್ಡಗಳ. ಮೂರೂ ಕೆಳಗಿದ್ದರೆ ಮನೆಯವರು ಇದ್ದಾರೆ. ಒಂದು ಏರಿಸಿದ್ದರೆ ಹತ್ತಿರದಲ್ಲೇ ಹೋಗಿದ್ದಾರೆ, ಈಗ ಬರುತ್ತಾರೆ. ಮೂರೂ ಏರಿಸಿದ್ದರೆ ದೂರ ಹೋಗಿದ್ದಾರೆ. ನಮ್ಮ ತೋಟದ ಉಣಗೋಲು ನೋಡಿದವರಿಗೆ ಇದು ತಟ್ಟನೆ ಅರ್ಥ ಆಗುತ್ತದೆ.

ಊಟದ ವಿಷಯ. ಇಲ್ಲಿ ತರಕಾರಿ ಸಾರು ಅಂದರೂ ಒಣಮೀನು ಕುದಿಸಿದ ನೀರು ಇರುತ್ತದೆ. ಕಿಮ್ಚಿ ಅನ್ನುವ ಹುದುಗಿಸಿದ ತರಕಾರಿಯಲ್ಲೂ ಹೆಚ್ಚಾಗಿ ಮೀನಿನ ರಸ ಹಾಕುತ್ತಾರೆ. ಬಿಬಿಂಬಾಪ್ ಅನ್ನುವ ತರಕಾರಿ ಕಲಸಿದ ಅನ್ನ ಕೇಳಿ, ‘ಗೋಗಿ ಪ್ಪೆಜುಸೆಯೊ’ ಅನ್ನಿ, ಮಾಂಸ ತೆಗೆದು ಕೊಡಿ ಅಂತ ಅರ್ಥ. ಮೊಟ್ಟೆ ತಿನ್ನದಿದ್ದರೆ ಅದನ್ನೂ ಹೇಳಬೇಕು. ನಿಶ್ಚಿಂತೆಯ ಊಟ ಬೇಕೆಂದರೆ ಬೌದ್ಧ ಮಠದ ಅಡುಗೆ ಬಡಿಸುವ ಹೋಟೆಲ್‌ಗಳನ್ನು ಹುಡುಕಿ. ಮಾಂಸ, ಮೀನು ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ. ಸಿಯೋಲ್‌ನ ಇನ್ಸಾಡೊಂಗ್ ಸುತ್ತಮುತ್ತ ಸಿಗುತ್ತವೆ. ನಗಾನ್‌ಗೆ ಹೋಗುವಾಗ ಮಾತ್ರ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇರಲಿ.

ದಿನಗಳನ್ನು ಹೀಗೆ ಹಂಚಿಕೊಳ್ಳಿ. ಸಿಯೋಲ್ ಎರಡು ರಾತ್ರಿ, ಸುವೊನ್ ಎರಡು, ನಗಾನ್ ಒಂದು, ಜೇಜು ಎರಡು, ವಾಪಸ್ ಸಿಯೋಲ್ ಒಂದು. ಚುಸಾಕ್ ಅನ್ನುವ ಅವರ ಸುಗ್ಗಿ ಹಬ್ಬ ಸೆಪ್ಟೆಂಬರ್‌ನಲ್ಲಿ ಅಥವಾ ಅಕ್ಟೋಬರ್ ಮೊದಲಲ್ಲಿ ಬರುತ್ತದೆ. ಆ ವಾರ ರೈಲು ಟಿಕೆಟ್ ಸಿಗುವುದೇ ಇಲ್ಲ, ಅದನ್ನು ತಪ್ಪಿಸಿ. ದಾರಿ ನೋಡಲು ಫೋನಿನಲ್ಲಿ ನೇವರ್ ಮ್ಯಾಪ್ ಹಾಕಿಕೊಳ್ಳಿ, ಬಸ್ಸು ಮೆಟ್ರೋಗೆ ಟಿ-ಮನಿ ಕಾರ್ಡ್ ತೆಗೆದುಕೊಳ್ಳಿ. ವೀಸಾಕ್ಕೆ ಎರಡು ತಿಂಗಳು ಮುಂಚೆಯೇ ಕಾಗದ ಪತ್ರ ಜೋಡಿಸಿ. ಅಮ್ಮನಿಗೆ ಇಷ್ಟವಾದ ದೃಶ್ಯಗಳ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಂಡಿರಿ. ಭಾಷೆ ಬಾರದಿದ್ದರೂ ಅದನ್ನು ತೋರಿಸಿದರೆ ಕಾವಲಿನ ಅಜ್ಜಂದಿರು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಮತ್ತೆ, ಅಮ್ಮನ ಹುಟ್ಟಿದ ದಿನ ಯಾವತ್ತು ಬರುತ್ತದೆ ನೋಡಿ. ಅವತ್ತು ಸುವೊನ್‌ನಲ್ಲಿ ಇರುವ ಹಾಗೆ ಟಿಕೆಟ್ ಮಾಡಿಸಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಬೊಂಗ್ಸುದಾಂಗ್ ಅಂಗಳದಲ್ಲಿ ಯಾರೂ ಇರುವುದಿಲ್ಲ.